ಒಂಬತ್ತನೇ ಪಂಜರದ ಮೀನು

ತೊಂಗ್ಯೊಂಗ್
ಸೆಪ್ಟೆಂಬರ್ 22, ಸೋಮವಾರ

ನನ್ನ ಮುದ್ದು ತಮ್ಮ ಚಾನ್‌ಗ್ಯುಗೆ,

ಹೇಗಿದ್ದೀಯ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ ಎಂದು ನಿನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಅದನ್ನು ಒಡೆದುಕೊಳ್ಳಬೇಡ. ಬೋಳುತಲೆಯ ನಿನ್ನ ಫೋಟೋ ನೋಡಿ ಅಮ್ಮ ಅತ್ತಳು. ಅಪ್ಪ ಮಾತ್ರ, "ಸಿಪ್ಪೆ ಸುಲಿದ ಆಲೂಗಡ್ಡೆ ಥರ ಇದಾನೆ, ಸೇನೆಗೆ ಪಲ್ಯಕ್ಕಾದ್ರೂ ಆಗ್ತಾನೆ" ಅಂದ. ಸೇನಾ ತರಬೇತಿ ಶಿಬಿರದಲ್ಲಿ ನಿಮಗೆ ಫೋನು ಕೊಡುವುದು ವಾರಕ್ಕೊಂದೇ ಗಂಟೆ, ನನ್ನ ಸಂಕಟ ಶುರುವಾದದ್ದು ಇವತ್ತು. ಅದಕ್ಕೇ ಈ ಕಾಗದ.

ನಮ್ಮ ಮೀನುರೋಗ ಪ್ರಯೋಗಾಲಯದ ಹಳೆಯ ಕಂಪ್ಯೂಟರು ಕಳೆದ ವಾರ ಕಣ್ಣು ಮುಚ್ಚಿತು. ಹೋದ ವರ್ಷ ನೀನು ಅದರಲ್ಲಿ ಕೂರಿಸಿಕೊಟ್ಟಿದ್ದ ತಂತ್ರಾಂಶವನ್ನು ಹೊಸದರಲ್ಲಿ ನಾನೇ ಕೂರಿಸಬೇಕಾಯಿತು. ಮೀನಿನ ಡಿಎನ್‌ಎ ಕಡತಗಳನ್ನು ಕೊಟ್ಟರೆ ಇಪ್ಪತ್ತಮೂರು ಕೆಲಸಗಳನ್ನು ಸರದಿಯಂತೆ ಮಾಡಿಸಿ, ಕಡಲಲ್ಲಿ ಮೀನು ಸಾಕುವ ಯಾವ ಬಲೆಪಂಜರದಲ್ಲಿ ರೋಗವಿದೆ ಎಂದು ಹೇಳುವ ನಿನ್ನ ಆ ಮೇಸ್ತ್ರಿ. ನೀನು ಬರೆದಿಟ್ಟ ಚೀಟಿಯಲ್ಲಿ ಐದೇ ಸಾಲು, ನನಗೆ ಹಿಡಿದದ್ದು ಮೂರು ದಿನ. ಒಂದು ಕೆಲಸಕ್ಕೆ ಪೂರಕ ತಂತ್ರಾಂಶದ ಹೊಸ ಆವೃತ್ತಿಯೇ ಬೇಕು, ಇನ್ನೊಂದಕ್ಕೆ ಹಳೆಯದೇ ಆಗಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಮ್ಮ ಮೇಲಧಿಕಾರಿ ತಕ್ ಅವರು ಬೆನ್ನ ಹಿಂದೆ ನಿಂತು, "ಏನಮ್ಮಾ ಉನ್‌ಸಿಲ್, ಇನ್ನೂ ಆಗ್ಲಿಲ್ವಾ?" ಎಂದು ಗಂಟೆಗೊಮ್ಮೆ ಕೇಳುತ್ತಿದ್ದರು.

ಶುಕ್ರವಾರ ಅಂತೂ ಎದ್ದು ಕೂತಿತು. ಈ ಸಲದ ಮೀನಿನ ಕಡತಗಳನ್ನು ಹಾಕಿದೆ. ಆಮೇಲೆ, ಇರಲಿ ಎಂದು, ಹೋದ ವರ್ಷದ ಫಲಿತಾಂಶಗಳನ್ನೂ ಅದೇ ಜಾಗಕ್ಕೆ ನಕಲು ಮಾಡಿದೆ. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ, ಎಲ್ಲ ಮುಗಿದಿದೆ, ಮಾಡಲು ಏನೂ ಉಳಿದಿಲ್ಲ ಎಂದಿತು. ಹೊಸ ಕಂಪ್ಯೂಟರು, ವೇಗ ಜಾಸ್ತಿ ಅಂದುಕೊಂಡೆ, ದಡ್ಡಿ. ಫಲಿತಾಂಶದಲ್ಲಿ ಎಲ್ಲೂ ರೋಗವಿರಲಿಲ್ಲ. ಈ ಸೆಕೆಯಲ್ಲಿ ಅಪ್ಪನ ಪಂಜರದಲ್ಲಿ ಮೀನು ಕಿಕ್ಕಿರಿದು, ಅರ್ಧವನ್ನು ಚಿಕ್ಕಪ್ಪನ ಪಂಜರಗಳಿಗೆ ಬಿಡಬೇಕೆಂದು ಆತ ಕಾಯುತ್ತಿದ್ದದ್ದು ನಿನಗೆ ಗೊತ್ತು. ಚಿಕ್ಕಪ್ಪ, "ನಮ್ಮ ಉನ್‌ಸಿಲ್ ಹೂಂ ಅನ್ಲಿ, ಆಮೇಲೆ ತಗೊಂಬಾ" ಅಂದಿದ್ದರು. ನಾನು ಅಪ್ಪನಿಗೆ ಫೋನು ಮಾಡಿ ಹೂಂ ಅಂದೆ. ಶನಿವಾರ ಮೀನು ಅಲ್ಲಿಗೆ ಹೋಯಿತು.

ಇವತ್ತು ಬೆಳಿಗ್ಗೆ ವರದಿ ಅಚ್ಚು ಹಾಕುವಾಗ ನೋಡುತ್ತೇನೆ, ಒಂಬತ್ತನೇ ಪಂಜರ, ರೋಗವಿಲ್ಲ. ಆ ಪಂಜರವನ್ನು ಹೋದ ವರ್ಷವೇ, ಆಗಿನ ಪರೀಕ್ಷೆ ಮುಗಿದ ಮೇಲೆ, ಚಂಡಮಾರುತ ಕೊಚ್ಚಿಕೊಂಡು ಹೋಗಿತ್ತಲ್ಲ. ಕಡತಗಳ ತಾರೀಖು ತೆಗೆದು ನೋಡಿದೆ. ಮೇಸ್ತ್ರಿ ಕಡತದ ಒಳಗೇನಿದೆ ಎಂದು ನೋಡುವುದಿಲ್ಲ, ಯಾವುದು ಆಮೇಲೆ ಬಂತು ಎಂದಷ್ಟೇ ನೋಡುತ್ತದೆ. ಹಳೆಯ ಫಲಿತಾಂಶ ಕೊನೆಗೆ ಬಂದದ್ದರಿಂದ ಅದನ್ನೇ ಹೊಸ ಮೀನಿನ ಉತ್ತರ ಎಂದುಕೊಂಡಿದೆ. ಅದರ ತಪ್ಪೇನಿಲ್ಲ, ತಪ್ಪು ನನ್ನದು. ಹಳೆಯದನ್ನೆಲ್ಲ ಅಳಿಸಿ ಮತ್ತೆ ಓಡಿಸಿದ್ದೇನೆ. ಆರು ಗಂಟೆ ಕಳೆದರೂ ಇನ್ನೂ ಹತ್ತೊಂಬತ್ತನೇ ಕೆಲಸದಲ್ಲೇ ಇದೆ. ಈ ಸುಗ್ಗಿಹಬ್ಬಕ್ಕೆ ಮಾರಲೆಂದು ಚಿಕ್ಕಪ್ಪ ಎರಡು ವರ್ಷ ಸಾಕಿದ ಮೀನು ಅದು. ಬೆರೆತ ಮೀನನ್ನು ಈಗ ಆರಿಸಿ ತೆಗೆಯಲಾದೀತೇ? ಪರದೆ ನೋಡುತ್ತಾ ಕೂರುವುದು ಬಿಟ್ಟು ನನ್ನಿಂದ ಏನೂ ಆಗುತ್ತಿಲ್ಲ. ಭಯವಾಗುತ್ತಿದೆ, ಚಾನ್‌ಗ್ಯು.

ಕಾಲು ಚೆನ್ನಾಗಿ ಒಣಗಿಸಿಕೊಂಡೇ ಕಾಲುಚೀಲ ಹಾಕಿಕೋ. ನಮ್ಮ ಹಿರಿಯರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಉನ್‌ಸಿಲ್

ತಾ.ಕ.: ಮುಗಿಯಿತು. ಅಪ್ಪನ ಪಂಜರದಲ್ಲಿ ರೋಗವಿದೆ. ಚಿಕ್ಕಪ್ಪನ ಮೂರು ಪಂಜರದಲ್ಲೂ ಇಲ್ಲ. ಆದರೆ ಪರೀಕ್ಷೆಗೆ ಅವರ ಮೀನು ತಂದದ್ದು ಬುಧವಾರ, ಅಪ್ಪ ತನ್ನ ಮೀನನ್ನು ಅಲ್ಲಿ ಬಿಡುವ ಮೂರು ದಿನ ಮೊದಲು. ರೋಗ ಹರಡದಂತೆ ಇನ್ನು ಎರಡೂ ಕಡೆಯ ಮೀನನ್ನು ಕೊಂದು ಹೂಳಲೇಬೇಕು. ವರದಿಗೆ ಸಹಿ ಹಾಕಿದ್ದೇನೆ. ಹೇಳಲು ಹೊರಟೆ, ಮೊದಲು ಚಿಕ್ಕಪ್ಪನ ಮನೆಗೆ.