ಓಗು ಅಕ್ಕಿ, ಆರಿ ಓಗು

ವಿಲಾ ವೆರ್ದೆ ಬಳಿಯ ನಮ್ಮ ಮನೆ,
ಮಾರ್ಚ್ ೧೭, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ ಸೆಲೆಸ್ತೆ,

ಹೇಗಿದ್ದೀಯಮ್ಮಾ? ಲಕ್ಸೆಂಬರ್ಗಿನ ಚಳಿ ಸ್ವಲ್ಪವಾದರೂ ಇಳಿಯಿತೇ? ಶಾಲೆಯ ಅಡುಗೆಮನೆಯಲ್ಲಿ ಆ ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ಮಣಿಕಟ್ಟು ನೋಯುತ್ತದೆ ಎಂದಿದ್ದೆ. ರಾತ್ರಿ ಬೆಚ್ಚಗಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗು, ಅಪ್ಪನ ಮಾತೆಂದು ಕಡೆಗಣಿಸಬೇಡ. ನಾನು ಚೆನ್ನಾಗಿದ್ದೇನೆ. ಕೊಯಿಂಬ್ರಾದ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಾಗದ ಬರೆಯುವುದನ್ನು ಕಲಿಸುವಾಗ, "ಹೋಪಿಂಗ್ ದಿಸ್ ಫೈಂಡ್ಸ್ ಯೂ ಇನ್ ದಿ ಪಿಂಕ್" ಎಂದೇನೋ ಶುರುಮಾಡಿಸುತ್ತಿದ್ದರು. ಪಿಂಕ್ ಆದಮೇಲೆ ಇನ್ನೂ ಏನೋ ಬಾಲವಿತ್ತು, ಮರೆತಿದೆ. ಆರೋಗ್ಯಕ್ಕೂ ಗುಲಾಬಿ ಬಣ್ಣಕ್ಕೂ ಏನು ನಂಟೋ ಆಗಲೂ ತಿಳಿಯಲಿಲ್ಲ. ಆದರೆ ನಿನ್ನೆಯಿಂದ ನನ್ನ ಮುಖ ನಿಜಕ್ಕೂ ಗುಲಾಬಿಯಾಗಿದೆ ಎಂದು ನಿನ್ನ ಅತ್ತಿಗೆ ರೊಸಲೀನಾ ಹೇಳಿದಳು. ಕನ್ನಡಿ ನೋಡಿಕೊಂಡೆ. ಹೌದು, ಆಗಿದೆ.

ವಿಷಯ ನಿನಗೆ ಗೊತ್ತಿರುವುದೇ. ಹೊಸ ವರ್ಷದ ದಿನ ನಿನ್ನ ಅಣ್ಣ ಅಬೀಲಿಯು ಬಾಯಿ ಹಿಡಿತವಿಲ್ಲದೆ, ಅಪ್ಪ ಈಗೀಗ ಬೇಕರಿಯ ದಿಯೊಲಿಂದಾಳ ಒಲೆಯ ಪಕ್ಕದ ಬೆಂಚಿನ ಮೇಲೆ ಕೂತು ಹರಟುತ್ತಾನೆ ಎಂದು ಫೋನಿನಲ್ಲಿ ಹೇಳಿಬಿಟ್ಟ. "ಅಮ್ಮನ ಜಾಗಕ್ಕೆ ಬ್ರೆಡ್ ಮಾರೋಳಾ?" ಎಂದು ಕೇಳಿ ನೀನು ಫೋನ್ ಇಟ್ಟೆ. ಆಮೇಲೆ ಫೋನ್ ಮಾಡಿದಾಗಲೆಲ್ಲ ಹವಾಮಾನದ ಮಾತನ್ನಷ್ಟೇ ಆಡಿದೆ. ನಿನ್ನ ಮೇಲೆ ನನಗೆ ಬೇಸರವಿಲ್ಲ. ಆದರೆ ನಾನು ಮತ್ತೆ ಮದುವೆಯಾಗುವುದು ನಿನಗೆ ಒಪ್ಪಿಗೆಯೋ ಅಲ್ಲವೋ ಎಂಬುದು ಗೊತ್ತಾಗದೆ ನನಗೆ ಊಟ ಸೇರದು. ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದೆ. ಫೋನನ್ನು ಮಾತಿನ ನಡುವೆ ಇಟ್ಟುಬಿಡಬಹುದು. ಕಾಗದವನ್ನು ಸಿಟ್ಟಿನಿಂದ ಹರಿಯುವವರೂ ಅರ್ಧ ಓದಿಯೇ ಹರಿಯುತ್ತಾರೆ.

ಜನವರಿಯಲ್ಲಿ ಒಂದು ದಿನ ಅದೇ ಬೆಂಚಿನ ಮೇಲೆ ಕೂತು, ನಮ್ಮ ಕಡೆಯ ಹುಡುಗಿಯರು ಹಿಂದೆ ಹೊಲಿಯುತ್ತಿದ್ದ ಪ್ರೇಮದ ಕರವಸ್ತ್ರಗಳ ಬಗ್ಗೆ ನಾನು ದೊಡ್ಡ ಉಪನ್ಯಾಸ ಕೊಡುತ್ತಿದ್ದೆ. ನನ್ನ ಉಪನ್ಯಾಸಗಳು ನಿನಗೆ ಗೊತ್ತಲ್ಲ. ಕೊನೆಗೆ, ಯಾರಾದರೂ ನನಗೂ ಒಂದು ಹೊಲಿದುಕೊಟ್ಟರೆ ಬೇಡವೆನ್ನುವುದಿಲ್ಲ ಎಂದು ಆಕಾಶ ನೋಡಿಕೊಂಡು ಹೇಳಿದೆ. ದಿಯೊಲಿಂದಾ ಒಲೆಯೊಳಗೆ ಉದ್ದದ ಸಲಿಕೆ ತೂರಿಸುತ್ತಾ, "ಡಾಕ್ಟ್ರೇ, ನಾನು ಹಿಟ್ಟು ನಾದೋಳು, ಸೂಜಿ ಹಿಡಿಯೋಳಲ್ಲ. ಕರ್ಚೀಫು ಬೇಕಿದ್ರೆ ನೀವೇ ಹೊಲ್ಕೊಂಡು ಬನ್ನಿ, ನಾನು ಹಾಕ್ಕೊಳ್ಳೋದೋ ಒಲೆಗೆ ಹಾಕೋದೋ ಆಮೇಲೆ ನೋಡೋಣ" ಎಂದಳು. ಕಾಲೇಜು ಅರ್ಧಕ್ಕೆ ಬಿಟ್ಟುಬಂದ ನನ್ನನ್ನು ಊರಿಗೆ ಊರೇ ಡಾಕ್ಟರ್ ಎಂದು ಕರೆಯುತ್ತದೆ, ಗೇಲಿಗೋ ಗೌರವಕ್ಕೋ ಇವತ್ತಿಗೂ ಗೊತ್ತಾಗಿಲ್ಲ. ಅವಳು ಕರೆದಾಗ ಮಾತ್ರ ಗೇಲಿಗೇ ಎಂದು ಗೊತ್ತಾಗುತ್ತದೆ, ಆದರೂ ಹಿತವಾಗಿರುತ್ತದೆ.

ಮನೆಗೆ ಬಂದು ರೊಸಲೀನಾಳ ಮುಂದೆ ನಿಂತು, ನನಗೆ ಹೊಲಿಗೆ ಕಲಿಸು ಎಂದೆ. ಅವಳು ಕೈಲಿದ್ದ ಕತ್ತರಿ ಕೆಳಗಿಟ್ಟು, "ಮಾವ, ಜ್ವರ ಗಿರ ಬಂದಿದೆಯಾ?" ಎಂದಳು. ನೀನು ಕಳೆದ ಸಲ ಬಂದಾಗ ಇದ್ದ ಊಟದ ಮೇಜು ಈಗ ಊಟದ ಮೇಜಾಗಿ ಉಳಿದಿಲ್ಲ. ಚಳಿಗಾಲದ ಮಳೆಯ ಶನಿವಾರಗಳಲ್ಲಿ ಅದರ ಮೇಲೆ ಲಿನನ್ ಬಟ್ಟೆ, ಬಣ್ಣದ ದಾರ, ಹಳೆಯ ಪತ್ರಿಕೆ, ಗುಂಡಿ, ಕಾರ್ಕಿನ ಚೂರು, ಜೋಳದ ತೆನೆಯ ಸಿಪ್ಪೆ, ಅಂಟಿನ ಡಬ್ಬಿ. ರೊಸಲೀನಾ ಬಟ್ಟೆಯ ಮೇಲೆ ಏನನ್ನು ಬೇಕಾದರೂ ಅಂಟಿಸಿ ಸುತ್ತ ಹೊಲಿಗೆ ಹಾಕಿ ಚಂದ ಮಾಡುತ್ತಾಳೆ. ಬೇಸಿಗೆಯಲ್ಲಿ ಪ್ರವಾಸಿಗಳು ಮನೆಗೇ ಬಂದು ಕೊಳ್ಳುತ್ತಾರೆ. ಹೋದ ವರ್ಷ ಒಬ್ಬ ಇಂಗ್ಲಿಷ್ ಹೆಂಗಸು ಬಂದಾಗ ವಿವರಿಸುವ ಕೆಲಸ ನನ್ನ ತಲೆಗೆ ಬಿತ್ತು. ಎದೆ ಸೆಟೆಸಿ, "ಮೇಡಂ, ದಿಸ್ ಈಸ್ ಹ್ಯಾಂಡ್‌ಕರ್ಚೀಫ್ ಆಫ್ ದಿ ಬಾಯ್‌ಫ್ರೆಂಡ್ಸ್" ಎಂದೆ. ಎಷ್ಟು ಜನ ಬಾಯ್‌ಫ್ರೆಂಡ್ಸ್ ಎಂದು ಆಕೆ ಗಾಬರಿಯಾದಳು. ಒಬ್ಬನೇ, ಹುಡುಗಿ ಹೊಲಿದು ಕೊಡುತ್ತಾಳೆ, ಅವನು ಅದನ್ನು ಭಾನುವಾರ ಚರ್ಚಿಗೆ ನಾಲ್ಕು ಜನರಿಗೆ ಕಾಣುವ ಹಾಗೆ ಹಾಕಿಕೊಂಡು ಬಂದರೆ ಒಪ್ಪಿದ ಹಾಗೆ, ಎಂದು ಕೈಬಾಯಿ ಎಲ್ಲ ಬಳಸಿ ತಿಳಿಸಿದೆ. ಅದರ ಮೇಲೆ ಹೊಲಿದ ಪದ್ಯದಲ್ಲಿ ಕಾಗುಣಿತದ ತಪ್ಪುಗಳಿವೆ ಎಂದು ಯಾರೋ ಆಕೆಗೆ ಹೇಳಿದ್ದರಂತೆ, ಹಾಗಾದರೆ ಬೆಲೆ ಕಡಿಮೆ ಮಾಡುತ್ತೀರಾ ಎಂದು ಕೇಳಿದಳು. "ನೋ ಮೇಡಂ, ಮಿಸ್ಟೇಕ್ ಈಸ್ ಎಕ್ಸ್‌ಟ್ರಾ" ಎಂದೆ. ಆ ಕಾಲೇಜಿನಿಂದ ನನಗಾದ ಏಕೈಕ ಲಾಭ ಆ ವಾಕ್ಯ.

ಆದರೆ ನನ್ನ ಸಂಕಟ ಶುರುವಾದದ್ದು ಆ ಮಿಸ್ಟೇಕಿನಲ್ಲೇ. ಓದುಬರಹ ಅಷ್ಟಕ್ಕಷ್ಟೇ ಇದ್ದ ಹುಡುಗಿಯರು ಬಾಯಿಗೆ ಬಂದ ಹಾಗೆ ಹೊಲಿದ ಪದ್ಯಗಳು ಅವು. ತಪ್ಪಿಲ್ಲದಿದ್ದರೆ ಅದು ಪ್ರೇಮದ ಕರವಸ್ತ್ರವೇ ಅಲ್ಲ, ಸರ್ಕಾರಿ ನೋಟೀಸು. ನಾನೋ, ಬ್ರಾಗಾದ ಪತ್ರಿಕೆಯಲ್ಲಿ ಜೀವಮಾನವಿಡೀ ಕರಡು ತಿದ್ದಿದವನು. ಮೊದಲ ಶನಿವಾರ ಪದ್ಯ ಬರೆದು ತೋರಿಸಿದೆ. "ಹೋಗು ಹಕ್ಕಿ, ಹಾರಿ ಹೋಗು, ಅವಳ ಒಲೆಯ ಬಳಿಗೆ ಹೋಗು, ಹೃದಯ ಇಲ್ಲೇ ಇದೆ ಎನ್ನು, ಇನ್ನೂ ನಾನು ಕಾಯ್ವೆ." ರೊಸಲೀನಾ ಓದಿ, "ಚೆನ್ನಾಗಿದೆ ಮಾವ, ಆದ್ರೆ ಒಂದೂ ತಪ್ಪಿಲ್ಲ, ಸತ್ತು ಮಲಗಿದೆ" ಎಂದಳು. ತಪ್ಪು ಬರೆಯಲು ಕೂತೆ. ಸೆಲೆಸ್ತೆ, ನಗಬೇಡ, ನನ್ನಿಂದ ಆಗಲಿಲ್ಲ! 'ಓಗು' ಎಂದು ಬರೆಯಬೇಕು ಎಂದು ಮನಸ್ಸು ಮಾಡಿದರೂ ಕೈ ತಾನಾಗಿಯೇ 'ಹೋಗು' ಎಂದು ಬರೆಯಿತು. ಒಂದು ತಪ್ಪು ಹೇಗೋ ಬರೆದೆ, ನೀರು ಕುಡಿದು ಬರುವಷ್ಟರಲ್ಲಿ ನಾನೇ ಅದನ್ನು ತಿದ್ದಿದ್ದೆ. ನಿನ್ನ ಅಣ್ಣನ ಮಗಳು ಬೆನೆದೀತಾಳಿಗೆ ಈಗ ಏಳು ವರ್ಷ, ಮೇಜಿನ ಆ ತುದಿಯಲ್ಲಿ ಬಣ್ಣ ಬಳಿಯುತ್ತಿದ್ದವಳು ತಲೆಯೆತ್ತಿ, "ಅಜ್ಜ, ನಿಂಗೆ ತಪ್ಪು ಬರೆಯೋಕೂ ಬರಲ್ವಾ? ಕೊಡಿಲ್ಲಿ, ನಂಗೆ ಬರುತ್ತೆ" ಎಂದಳು.

ನಾನು ಹೇಳುತ್ತಾ ಹೋದೆ, ಅವಳು ನಾಲಿಗೆ ಕಚ್ಚಿಕೊಂಡು ಬರೆಯುತ್ತಾ ಹೋದಳು. "ಓಗು ಅಕ್ಕಿ, ಆರಿ ಓಗು, ಅವಳ ವಲೆಯ ಬಳಿಗೆ ಓಗು, ರುದಯ ಇಲ್ಲೆ ಐತೆ ಎನ್ನು, ಇನ್ನು ನಾನು ಕಾಯ್ವೆ." ಎಂಥ ಸಹಜ ಪ್ರತಿಭೆ! ಟೀಚರ್ ಬೈಯುವ ತಪ್ಪಿಗೆಲ್ಲ ಮನೆಯಲ್ಲಿ ಚಪ್ಪಾಳೆ ಬಿದ್ದದ್ದರಿಂದ ಅವಳು ಕೊನೆಯ 'ಕಾಯ್ವೆ'ಯನ್ನೂ ಕೆಡಿಸಲು ಹೊರಟಳು. ಬೇಡ ಮಗೂ, ಕೊನೆಯ ಮಾತೊಂದು ನೆಟ್ಟಗಿರಲಿ, ಅದನ್ನು ನಾನೇ ಬರೆದು ನಾನೇ ಹೊಲಿಯುತ್ತೇನೆ ಎಂದೆ. ಹಕ್ಕಿಯನ್ನು ಬರೆದವಳೂ ಅವಳೇ. ಅದು ಪಾರಿವಾಳವಂತೆ, ನೋಡಿದರೆ ಮೊಟ್ಟೆಯಿಡಲು ಜಾಗ ಹುಡುಕುತ್ತಿರುವ ಕೋಳಿ. ಕೊಕ್ಕಿನಲ್ಲಿ ಪ್ರೇಮಪತ್ರ ಇರಬೇಕಿತ್ತು, ಇವಳು ಬ್ರೆಡ್ಡಿಟ್ಟಳು. ಅಬೀಲಿಯು ವೈರಿಂಗ್ ಕೆಲಸದ ಚೀಲದಿಂದ ತಾಮ್ರದ ತಂತಿ ತಂದು ಬಾಗಿಸಿ ಹಕ್ಕಿಗೆ ಕಾಲು ಮಾಡಿದ. "ಅಪ್ಪ, ಅವಳು ಒಪ್ಪದಿದ್ರೆ ಇದಕ್ಕೆ ಕರೆಂಟ್ ಕೊಡೋಣ" ಎಂದ. ರೊಸಲೀನಾ ಹಿಟ್ಟಿನ ಚೀಲದ ತುಂಡೊಂದನ್ನು ಒಲೆಯ ಆಕಾರಕ್ಕೆ ಕತ್ತರಿಸಿ ಹೊಲಿದಳು, ಒಳಗೆ ಬೆಂಕಿಗೆಂದು ತೆನೆಯ ಸಿಪ್ಪೆಗೆ ಕೆಂಪು ಬಣ್ಣ ಹಾಕಿದಳು. ನಾನು ಬಟ್ಟೆ ಬಿಗಿಯುವ ಮರದ ಬಳೆ ಹಿಡಿದು ಕೆಂಪು ದಾರದಲ್ಲಿ ಅಕ್ಷರ ಹೊಲಿದೆ. ಬೆರಳು ತೂತಾಯಿತು, ಒಂದೆರಡು ಕಡೆ ಕೆಂಪು ದಾರದ್ದೋ ನನ್ನದೋ ಹೇಳಲಾಗದು. ನಿನ್ನಮ್ಮ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನನಗೆ ಕೊಟ್ಟ ಕರವಸ್ತ್ರ ನೆನಪಿದೆಯಲ್ಲ? ಸಂತೆಯಲ್ಲಿ ಕೊಂಡದ್ದೆಂದು ಮದುವೆಯಾಗಿ ವರ್ಷ ಕಳೆದ ಮೇಲೆ ಬಾಯಿಬಿಟ್ಟಳು. "ಪ್ರೀತಿ ಇದ್ರೆ ಬಾಯಲ್ಲಿ ಹೇಳ್ಬೇಕು, ಬಟ್ಟೆ ಯಾಕೆ ಚುಚ್ಬೇಕು" ಎನ್ನುತ್ತಿದ್ದಳು ಎತೆಲ್ವೀನಾ. ಬಾಯಲ್ಲಿ ದಿನಾ ಹೇಳುತ್ತಲೂ ಇದ್ದಳು. ಅವಳ ಜಾಗ ಯಾರಿಗೂ ಇಲ್ಲ ಮಗಳೇ. ದಿಯೊಲಿಂದಾ ಆ ಜಾಗ ಕೇಳುತ್ತಲೂ ಇಲ್ಲ. ಅವಳ ಮೈಕಟ್ಟು ನೋಡಿದ್ದೀಯಲ್ಲ, ಅವಳ ಜಾಗವನ್ನು ಅವಳೇ ಮಾಡಿಕೊಳ್ಳುವವಳು.

ಕಳೆದ ಸೋಮವಾರ ಬೆಳಿಗ್ಗೆ ಕರವಸ್ತ್ರವನ್ನು ಮಡಿಸಿ, ಬಾಗಿಲಿಗೆ ತೂಗುಹಾಕುವ ಬ್ರೆಡ್ಡಿನ ಚೀಲದೊಳಗೆ ಇಟ್ಟೆ. ದಿಯೊಲಿಂದಾಳ ವ್ಯಾನ್ ಬಂತು, ಹಾರ್ನ್ ಆಯಿತು, ಹೋಯಿತು. ಚೀಲ ನೋಡಿದರೆ ಕರವಸ್ತ್ರ ಇಲ್ಲ, ಬ್ರೆಡ್ಡೂ ಇಲ್ಲ. ಮಂಗಳವಾರವೂ ಇಲ್ಲ. ಬುಧವಾರ ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲಲೇ ಇಲ್ಲ. "ನಿನ್ನ ಪ್ರೇಮದಿಂದ ಮನೆಮಂದಿಯೆಲ್ಲ ಉಪವಾಸ ಬಿದ್ವಲ್ಲಪ್ಪ" ಎಂದ ಅಬೀಲಿಯು. ರೊಸಲೀನಾ ಬಿಸ್ಕತ್ತು ತಂದಳು. ನನಗೆ ಅದೂ ಇಳಿಯಲಿಲ್ಲ. ಅವಳಿಗೆ ಅವಮಾನವಾಯಿತೇನೋ, ಊರಿಗೆಲ್ಲ ತೋರಿಸಿ ನಗುತ್ತಿದ್ದಾಳೇನೋ ಎಂದು ಒಲೆಯ ಕಡೆಯ ದಾರಿಯನ್ನೇ ಬಿಟ್ಟು ಸ್ಮಶಾನದ ಕಡೆಯಿಂದ ಸುತ್ತಿಕೊಂಡು ಓಡಾಡಿದೆ. ಹೋದದ್ದಕ್ಕೆ ನಿನ್ನಮ್ಮನ ಸಮಾಧಿಯ ಮೇಲೆ ಕ್ಯಾಮೆಲಿಯಾ ಹೂ ಇಟ್ಟು ಬಂದೆ, ವಿಷಯವನ್ನೂ ಹೇಳಿದೆ.

ನಿನ್ನೆ ಶನಿವಾರ ಮಧ್ಯಾಹ್ನ ನಾವು ನಾಲ್ವರೂ ಮೇಜಿನ ಸುತ್ತ ಕೂತಿದ್ದೆವು. ದಿಯೊಲಿಂದಾ ಬಾಗಿಲು ತಟ್ಟಿ, ಯಾರೂ ಬಾ ಎನ್ನುವ ಮೊದಲೇ ಒಳಗೆ ಬಂದಳು, ಮೊಣಕೈವರೆಗೆ ಹಿಟ್ಟು. ಒಂದು ಕಂಕುಳಲ್ಲಿ ದೊಡ್ಡ ಜೋಳದ ಬ್ರೆಡ್ಡು, ಇನ್ನೊಂದು ಕೈಯಲ್ಲಿ ನನ್ನ ಕರವಸ್ತ್ರ. ಅಂಟಿನ ಡಬ್ಬಿ ಸರಿಸಿ ಅದನ್ನು ನನ್ನ ಮುಂದೆ ಹಾಸಿ, "ಡಾಕ್ಟ್ರೇ, ಅಕ್ಕಿ ಯಾಕೆ ಆರ್ಬೇಕು? ಅನ್ನ ಆರಿದ್ರೆ ಸರಿ" ಎಂದಳು. ಬೆನೆದೀತಾ, "ಅದು ಅಕ್ಕಿ ಅಲ್ಲ, ಹಕ್ಕಿ!" ಎಂದು ಕೂಗಿದಳು. "ಹಕ್ಕಿನೂ ಅಲ್ಲ ಕಂದಾ, ಕೋಳಿ. ಚೆನ್ನಾಗಿದೆ ಕೋಳಿ" ಎಂದು ಅವಳ ಕೆನ್ನೆಗೆ ಹಿಟ್ಟು ಹಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, "ಕೊನೇ ಸಾಲು ಓದಿ ನೋಡೋಣ" ಎಂದಳು. ಗಂಟಲು ಸರಿಮಾಡಿಕೊಂಡು, "ಇನ್ನೂ ನಾನು ಕಾಯ್ವೆ" ಎಂದು ಓದಿದೆ. "ಬರ್ದಿದ್ದನ್ನ ಓದಿ ಡಾಕ್ಟ್ರೇ, ಬಾಯಿಪಾಠ ಒಪ್ಪಿಸ್ಬೇಡಿ. ಕನ್ನಡಕ ಹಾಕ್ಕೊಳ್ಳಿ."

ಹಾಕಿಕೊಂಡೆ. ಸೆಲೆಸ್ತೆ, 'ಕಾಯ್ವೆ'ಯ ವ ಒತ್ತು ಇರಲಿಲ್ಲ! ಅದು ಬರಬೇಕಾದ ಕಡೆ ಕೋಳಿಯ ತಾಮ್ರದ ಕಾಲು ಚಾಚಿತ್ತು. ಅದನ್ನು ತಪ್ಪಿಸಿ ಆಮೇಲೆ ಹೊಲಿಯೋಣ ಎಂದುಕೊಂಡವನು ಮರೆತೇಬಿಟ್ಟಿದ್ದೆ. ನನ್ನ ಕೈಯಾರೆ ಕೆಂಪು ದಾರದಲ್ಲಿ, "ಇನ್ನು ನಾನು ಕಾಯೆ." ಊರಿನ ಹೆಂಗಸಿಗೆ, ಅದೂ ಈ ವಯಸ್ಸಿನಲ್ಲಿ, ಇನ್ನು ನಾನು ಕಾಯುವುದಿಲ್ಲ ಎಂದು ಬೆದರಿಕೆ ಹಾಕಿದ್ದೆ! ಅಬೀಲಿಯು ಬಗ್ಗಿ ಓದಿ ಕೆಮ್ಮುವ ಹಾಗೆ ನಟಿಸುತ್ತಾ ಹಿತ್ತಲಿಗೆ ಓಡಿದ. ನಾನು, ಅಚ್ಚಿನ ದೋಷ, ಒಂದು ಒತ್ತು ಬಿಟ್ಟುಹೋಗಿದೆ, ಕೊಡಿ ಈಗಲೇ ಸರಿಮಾಡುತ್ತೇನೆ ಎಂದು ತಡವರಿಸುತ್ತಾ ಸೂಜಿಗೆ ಕೈಹಾಕಿದೆ. ಅವಳು ಕರವಸ್ತ್ರವನ್ನು ಸರಕ್ಕನೆ ಎಳೆದುಕೊಂಡಳು. "ಮುಟ್ಟಿದ್ರೆ ನೋಡಿ! ಮೇಲಿನ ತಪ್ಪೆಲ್ಲ ಮಗೂದು, ಇದೊಂದೇ ನಿಮ್ದು. ಸೋಮವಾರ ನಿಮ್ಮ ಬಾಗಿಲಲ್ಲೇ ಓದಿ ಬ್ರೆಡ್ಡು ಹಾಕೋದೇ ಮರ್ತೆ, ಅವತ್ತಿಂದ ಓದ್ತಾನೇ ಇದ್ದೀನಿ, ನಗ್ತಾ ನಗ್ತಾ ಹಿಟ್ಟಿಗೆ ಉಪ್ಪು ಹಾಕೋದೂ ಮರ್ತು, ಎರಡು ದಿನದ ಬ್ರೆಡ್ಡು ಹಂದಿಗೆ ಹೋಯ್ತು. ನಿಮ್ಮನೆಗೆ ಮಾತ್ರ ಅಂದ್ಕೊಂಡ್ರಾ, ಊರಿಗೇ ಬ್ರೆಡ್ಡಿಲ್ಲ. ಕಾಯ್ತೀನಿ ಅನ್ನೋ ಗಂಡಸನ್ನ ಒಂದ್ಸಲ ಕಟ್ಕೊಂಡು ಸಾಕಾಗಿದೆ ನಂಗೆ. ಮೀನಿನ ಹಡಗು ಹತ್ತಿದೋನು, ದಡದಲ್ಲಿ ಕಾಯೋ ಕೆಲಸವನ್ನ ನಂಗೇ ಬಿಟ್ಟ. ನೀವು ಕಾಯಲ್ಲ ಅಂದ್ರಲ್ಲ, ಅದಕ್ಕೇ ಬಂದೆ."

ನಾನು ಯಾಕೋ ಇಂಗ್ಲಿಷಿನಲ್ಲಿ "ಥ್ಯಾಂಕ್ ಯೂ, ಮೇಡಂ" ಎಂದುಬಿಟ್ಟೆ. ರೊಸಲೀನಾ ಅಂಟು ಮೆತ್ತಿದ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು, ಅಂಗಿಯ ಬೆನ್ನಿಗೆ ಇನ್ನೂ ಗುಂಡಿಯೊಂದು ಅಂಟಿಕೊಂಡಿದೆ. ಅಬೀಲಿಯು ಹಿತ್ತಲಿನಿಂದ ವೈನ್ ತಂದ. ಬಿಸಿ ಬ್ರೆಡ್ಡು ಮುರಿದು, ದಾರಗಳ ನಡುವೆಯೇ ಜಾಗ ಮಾಡಿಕೊಂಡು ತಿಂದೆವು. ಉಪ್ಪು ಸರಿಯಾಗಿತ್ತು. ದಿಯೊಲಿಂದಾ ಹೊರಡುವ ಮೊದಲು ಮಗುವಿನ ಜೊತೆ ಕೂತು ಒಂದು ಹಸು ಬರೆದಳು, ಅದು ಬೆಂಚಿನ ಹಾಗಿದೆ. ಗೋಡೆಗೆ ಅಂಟಿಸಿದ್ದೇವೆ.

ಸರಿ ಮಗಳೇ, ಹಾಳೆ ಮುಗಿಯುತ್ತಾ ಬಂತು. ಅಳಿಯಂದಿರಿಗೆ ನನ್ನ ನೆನಪು ಹೇಳು, ಅವರ ಕೆಮ್ಮಿಗೆ ಜೇನುತುಪ್ಪ ಕೊಡು. ದೇವರು ನಿಮ್ಮಿಬ್ಬರ ಮನೆಯನ್ನು ಬೆಚ್ಚಗಿಟ್ಟಿರಲಿ, ನಿನ್ನ ಮಣಿಕಟ್ಟಿಗೆ ಬಲ ಬರಲಿ. ಇಲ್ಲಿ ಎಲ್ಲರೂ ನಿನ್ನನ್ನು ಕೇಳಿದರು, ಬೆನೆದೀತಾ 'ಅತ್ತೆಗೆ ಮುತ್ತು' ಎಂದು ತಾನೇ ಬರೆಯಲು ಹೊರಟು 'ಅತ್ತೆಗೆ ಮುತು' ಎಂದು ಬರೆದಿದ್ದಾಳೆ, ನಾನು ತಿದ್ದಿಲ್ಲ.

ನಿನ್ನ ಅಪ್ಪ,
ಬೆಲಾರ್ಮಿನು

ಇನ್ನೊಂದು ಮಾತು: ಇದನ್ನು ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ಅಬೀಲಿಯು ಅಂಚೆಗೆ ಹಾಕಲು ಗಾಡಿ ಶುರುಮಾಡಿ ಕೂಗುತ್ತಿದ್ದಾನೆ. ನಿನ್ನೆ ಸಂಜೆ ಚರ್ಚಿಗೆ ದಿಯೊಲಿಂದಾ ಬರಿಯ ಕಪ್ಪು ಶಾಲು ಹೊದ್ದು ಬಂದಿದ್ದಳು, ಕರವಸ್ತ್ರ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಹೊರಗೆ ಬಂದು ಕೇಳಿದೆ. ಅದು ಪೆಟ್ಟಿಗೆಯಲ್ಲಿದೆಯಂತೆ, ನೀನು ಹೂಂ ಅನ್ನುವವರೆಗೂ ಹೊರಗೆ ತೆಗೆಯುವುದಿಲ್ಲವಂತೆ. "ನೀವು ಕಾಯದಿದ್ರೆ ಬೇಡ, ನಿಮ್ಮ ಮಗಳ ಮಾತಿಗೆ ನಾನು ಕಾಯ್ತೀನಿ" ಎಂದಳು. ಆದ್ದರಿಂದ ನನಗೆ ಫೋನ್ ಮಾಡಬೇಡ, ಅವಳಿಗೇ ಮಾಡು, ನಂಬರ್ ರೊಸಲೀನಾ ಕಳಿಸುತ್ತಾಳೆ. ಬೆಳಿಗ್ಗೆ ಬೇಡ, ಒಲೆಯ ಮುಂದಿರುತ್ತಾಳೆ, ಸಂಜೆ ಮಾಡು. ಏನು ಮಾತಾಡಬೇಕೋ ತೋಚದಿದ್ದರೆ ಜೋಳದ ಬ್ರೆಡ್ಡು ಮೇಲೆ ಯಾಕೆ ಬಿರಿಯುತ್ತದೆ ಎಂದಷ್ಟೇ ಕೇಳು. ಮಿಕ್ಕಿದ್ದನ್ನೆಲ್ಲ ಅವಳೇ ಮಾತಾಡುತ್ತಾಳೆ.