ನನ್ನಮ್ಮ ಸುಡದ ಪುಸ್ತಕಗಳು

ಪಠ್ಯಪುಸ್ತಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಒಂಬತ್ತನೇ ತರಗತಿಗೆ ಇಟ್ಟಿರುವ ಪಾಠವೊಂದರಲ್ಲಿ ಒಬ್ಬ ಹೆಂಗಸು ತಾಯಿಯಿಲ್ಲದ ಹುಡುಗನ ಪುಸ್ತಕಗಳನ್ನು ಒಲೆಗೆ ಹಾಕುತ್ತಾಳೆ. ಆ ಹೆಂಗಸು ನನ್ನ ಅಮ್ಮ. ಅವಳಿನ್ನೂ ಬದುಕಿದ್ದಾಳೆ, ಮತ್ತು ಅವಳು ಯಾರ ಪುಸ್ತಕವನ್ನೂ ಸುಟ್ಟವಳಲ್ಲ. ಇದನ್ನು ನಿಮ್ಮ ಕಚೇರಿಗೆ ಬಂದು ಹೇಳಿದಾಗ ನೀವು ತಲೆದೂಗಿ ಕಳಿಸಿದಿರಿ. ಈಗ ಎಲ್ಲರ ಕಿವಿಗೂ ಬೀಳುವ ಹಾಗೆ ಹೇಳುತ್ತಿದ್ದೇನೆ.

ಆ ಪಾಠ ಬಂದಿರುವುದು ಹೆಸರಾಂತ ಹೃದಯತಜ್ಞರೊಬ್ಬರ ಆತ್ಮಕಥೆಯಿಂದ. ಮುದ್ರಣದ ಮೇಲೆ ಮುದ್ರಣ ಕಾಣುತ್ತಿರುವ ಪುಸ್ತಕ ಅದು. ತಜ್ಞರು ನನ್ನ ದೊಡ್ಡಮ್ಮನ ಮಗ, ನನಗೆ ಅಣ್ಣನಾಗಬೇಕು. ದೊಡ್ಡಮ್ಮ ತೀರಿಕೊಂಡು, ದೊಡ್ಡಪ್ಪ ಕೆಲಸ ಹುಡುಕಿ ಹೋದವರು ತಿರುಗಿ ನೋಡದಿದ್ದಾಗ, ಅಣ್ಣನನ್ನೂ ಅವನ ಅಕ್ಕನನ್ನೂ ಕರೆತಂದು ಸಾಕಿದವಳು ನನ್ನಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ನಾವು ಮೂವರೂ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಲಗಿ ಬೆಳೆದೆವು. ಆತ್ಮಕಥೆಯಲ್ಲಿ ಆ ಅಂಗಡಿ ಇದೆ, ಅಮ್ಮನ ಹಣೆಯ ಮಚ್ಚೆ ಇದೆ, ಗುಂಡುಸೂಜಿ ಕಚ್ಚಿಕೊಂಡೇ ಗದರುವ ಅವಳ ಅಭ್ಯಾಸವೂ ಇದೆ. ಹೆಸರೊಂದನ್ನು ಮಾತ್ರ ಬಿಟ್ಟಿದ್ದಾರೆ. ಅದು ಅವರ ಔದಾರ್ಯವಂತೆ.

ಇನ್ನು ಆ ಪುಸ್ತಕಗಳ ವಿಚಾರ. ವರ್ಷಗಳ ಹಿಂದೆ ಗ್ರಂಥಾಲಯವೊಂದರ ಉದ್ಘಾಟನೆಯಲ್ಲಿ ಇದೇ ತಜ್ಞರು, ಮನೆಯ ಸೂರು ಸೋರಿ ತಮ್ಮ ಪುಸ್ತಕಗಳು ಕೊಳೆತುಹೋದವು ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಟೀವಿ ಸಂದರ್ಶನದಲ್ಲಿ, ಅಪ್ಪ ಅವನ್ನು ರದ್ದಿಗೆ ಹಾಕಿದರು ಎಂದರು. ಆತ್ಮಕಥೆಯ ಹೊತ್ತಿಗೆ ಅವು ಒಲೆಯಲ್ಲಿ ಉರಿದವು. ಇವೆಲ್ಲ ಸಾರ್ವಜನಿಕವಾಗಿ ಆಡಿದ ಮಾತುಗಳು. ಕೇಳಿಸಿಕೊಳ್ಳಲು ನಿಮ್ಮ ಸಮಿತಿಗೆ ಕಿವಿ ಇರಲಿಲ್ಲವೇ? ನಮ್ಮ ಮನೆಯಲ್ಲಿ ಆಗ ಒಲೆಯೇ ಇರಲಿಲ್ಲ, ಇದ್ದದ್ದು ಸೀಮೆಎಣ್ಣೆ ಸ್ಟೌ. ಅದರಲ್ಲಿ ಪುಸ್ತಕ ಸುಡಲು ಹೋದವಳು ಮೊದಲು ಮನೆ ಸುಟ್ಟುಕೊಳ್ಳುತ್ತಿದ್ದಳು. ನಿಜವಾಗಿ ಏನಾಯಿತು ಎಂಬುದನ್ನು ಅಂದು ನನ್ನ ಜೊತೆ ನಿಮ್ಮ ಕಚೇರಿಗೆ ಬಂದಿದ್ದ ಅವರ ಸ್ವಂತ ಅಕ್ಕ ನಿಮ್ಮೆದುರೇ ಕೂತು ಹೇಳಿದಳು: "ಅವನೇ ಮಾರಿದ್ದು ಸಾರ್. ಆ ದುಡ್ಡಲ್ಲಿ ನಾನೂ ಅವನೂ ಸಿನಿಮಾಕ್ಕೆ ಹೋಗಿದ್ವಿ. ಚಿಕ್ಕಮ್ಮ ಬೈದ್ಲು, ಬೈದು ಬೇರೆ ಪುಸ್ತಕ ತಂದುಕೊಟ್ಳು."

ಅದಕ್ಕೆ ನೀವು ಗಂಟಲು ಸರಿಮಾಡಿಕೊಂಡು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. "ಆತ್ಮಕಥೆಗೆ ಸಾಕ್ಷಿ ಕೇಳೋಕಾಗಲ್ಲಮ್ಮ. ಅದರಲ್ಲಿರೋದು ಭಾವಸತ್ಯ."

ಒಳ್ಳೆಯ ಮಾತು. ನಾನೂ ಒಂದು ಆತ್ಮಕಥೆ ಶುರುಮಾಡಿದ್ದೇನೆ. ಅದರಲ್ಲಿ ಸಮಿತಿಯೊಂದರ ಅಧ್ಯಕ್ಷರು ಬರುತ್ತಾರೆ. ದಪ್ಪ ಚೌಕಟ್ಟಿನ ಕನ್ನಡಕ, ಮೇಜಿನ ಮೇಲೆ ಹಿತ್ತಾಳೆಯ ಕುದುರೆ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ರೂಢಿ. ಹೆಸರು ಹಾಕುವುದಿಲ್ಲ, ನನಗೂ ಔದಾರ್ಯವಿದೆ. ಹೃದಯತಜ್ಞರಿಂದ ಬಿಟ್ಟಿ ಚಿಕಿತ್ಸೆ ಪಡೆದು, ಅದಕ್ಕೆ ಪ್ರತಿಯಾಗಿ ಅವರ ಪಾಠವನ್ನು ಮಕ್ಕಳ ತಲೆಗೆ ಕಟ್ಟಿದರು ಎಂದು ಬರೆಯಲಿದ್ದೇನೆ. ಹಾಗೆ ನಡೆಯಿತೇ ಎಂದು ಮಾತ್ರ ಕೇಳಬೇಡಿ. ನನಗೆ ಹಾಗನ್ನಿಸಿತು.

ಎದೆ ಚುರುಕ್ ಅಂದಿತೇ? ನಮ್ಮ ಮನೆಯಲ್ಲಿ ಅದು ದಿನವೂ ಆಗುತ್ತಿದೆ. ಪಾಠದ ಕೊನೆಯಲ್ಲಿ ನೀವೊಂದು ಪ್ರಶ್ನೆ ಇಟ್ಟಿದ್ದೀರಿ: 'ಚಿಕ್ಕಮ್ಮನ ಕ್ರೌರ್ಯವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿ.' ನನ್ನ ಮಗಳು ಅದೇ ತರಗತಿಯಲ್ಲಿ ಓದುತ್ತಾಳೆ. 'ಅವರು ನನ್ನ ಅಜ್ಜಿ, ಅವರು ಪುಸ್ತಕ ಸುಡಲಿಲ್ಲ' ಎಂದು ಬರೆದಳು. ಉತ್ತರ ಪಾಠಕ್ಕೆ ಹೊಂದುವುದಿಲ್ಲ ಎಂದು ಮೇಷ್ಟ್ರು ಅಡ್ಡಗೆರೆ ಎಳೆದರು. ಅಂಗಡಿಗೆ ಬರುವ ಹೆಂಗಸರು ಅಳತೆ ಕೊಡುತ್ತಲೇ ಆ ಒಲೆ ಎಲ್ಲಿದೆ ಎಂದು ಒಳಮನೆಯತ್ತ ಇಣುಕುತ್ತಾರೆ. ಒಬ್ಬರು ಹೊಲಿಯಲು ಕೊಟ್ಟ ಬಟ್ಟೆಯನ್ನು ವಾಪಸು ಒಯ್ದರು. ಅಮ್ಮ ಅದನ್ನು ನೀಟಾಗಿ ಮಡಿಸಿ ಚೀಲಕ್ಕೆ ಹಾಕಿಯೇ ಕೊಟ್ಟಳು.

ಇಷ್ಟಾದರೂ ಅವಳು, "ಬಿಡೇ, ದೊಡ್ಡ ಮನುಷ್ಯ ಆಗಿದ್ದಾನೆ, ಅವನ ಹೆಸರು ಕೆಡೋದು ಬೇಡ" ಎನ್ನುತ್ತಿದ್ದಳು. ಎದುರಿಗೆ ಕಂಡರೆ ಅಣ್ಣನಿಗೆ ನಾಚಿಕೆಯಾದೀತು ಎಂದು ನಂಬಿ ಅವರ ಪುಸ್ತಕದ ಸಂವಾದಕ್ಕೆ ಅವಳನ್ನು ಕರೆದುಕೊಂಡು ಹೋದೆ. ಆ ಸಭೆಯಲ್ಲಿ ನೀವೂ ಇದ್ದಿರಿ, ಮುಂದಿನ ಸಾಲಿನಲ್ಲೇ. ಅಣ್ಣ ನಮ್ಮನ್ನು ನೋಡಿ ಒಂದು ಗಳಿಗೆ ತಡವರಿಸಿದರು. ಆಮೇಲೆ ಕೆಳಗಿಳಿದು ಬಂದು, ಅಮ್ಮನ ಕೈ ಹಿಡಿದು ವೇದಿಕೆಗೆ ಕರೆದೊಯ್ದು, ಮೈಕಿನಲ್ಲಿ ಹೇಳಿದರು: "ಇವರೇ ನನ್ನ ಚಿಕ್ಕಮ್ಮ. ನಾನು ಇವರನ್ನ ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ."

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ನೀವೂ ತಟ್ಟಿದಿರಿ. ಮೈಕು ಪಕ್ಕಕ್ಕೆ ಸರಿದ ಮೇಲೆ ಅಮ್ಮ, ಪುಸ್ತಕ ಮಾರಿದ್ದು ನೀನಲ್ಲವೇನಪ್ಪ ಎಂದು ಮೆಲ್ಲಗೆ ಕೇಳಿದಳಂತೆ. "ಕಥೆಗೆ ಹಾಗೆ ಬೇಕಿತ್ತು ಚಿಕ್ಕಮ್ಮ" ಎಂದು ಅವರು ನಗುನಗುತ್ತಲೇ ಅಂದರಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಇದನ್ನು ನನಗೆ ಹೇಳಿದಳು. ಇಳಿಯುವ ಮೊದಲು ಇನ್ನೊಂದು ಮಾತು ಸೇರಿಸಿದಳು. "ಕ್ಷಮಿಸಿದ್ನಂತೆ. ಯಾವ ತಪ್ಪಿಗೆ ಅಂತ ಎಲ್ಲರ ಮುಂದೆ ಕೇಳ್ಬೇಕಿತ್ತು ಕಣೇ."

ಮಾನ್ಯರೇ, ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ಪಾಠ ಕೈಬಿಟ್ಟು ಜಾರಿಕೊಳ್ಳುವ ಉಪಾಯ ಬೇಡ. ಪಾಠ ಮಾಡಿದ ಪ್ರತಿ ತರಗತಿಯಲ್ಲೂ, ಮಾಡಿದ ಮೇಷ್ಟ್ರ ಬಾಯಿಂದಲೇ, ಅದು ಸುಳ್ಳೆಂದು ಓದಿಸಬೇಕು. ತಿದ್ದುಪಡಿಯ ಕೆಳಗೆ ನಿಮ್ಮ ಸಹಿ ಇರಬೇಕು. ಬರುವ ತಿಂಗಳು ನೀವು ತಜ್ಞರನ್ನು ಸನ್ಮಾನಿಸುತ್ತೀರಷ್ಟೆ? ಅಕ್ಕ, ನಾನು, ನನ್ನ ಮಗಳು ಎಲ್ಲರೂ ಬರುತ್ತೇವೆ. ಈ ಸಲ ಅಮ್ಮ ತಾನಾಗಿಯೇ ಹೊರಟಿದ್ದಾಳೆ. ಅವಳಿಗೆ ಮೈಕು ಕೊಡಿ. ಕೊಡದಿದ್ದರೂ ನಡೆಯುತ್ತದೆ. ನಾಲ್ಕು ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಮಾತಾಡಿ ಪಳಗಿದ ಗಂಟಲು ಅದು, ಹಿಂದಿನ ಸಾಲಿಗೂ ಕೇಳಿಸುತ್ತದೆ.

ನಿಮ್ಮ ವಿಧೇಯಳು ಎಂದು ಬರೆಯಲು ಕೈ ಬರುತ್ತಿಲ್ಲ.

ಇಂತಿ,
ನಿಮ್ಮ ಒಂಬತ್ತನೇ ತರಗತಿಯಲ್ಲಿ ಮೂರು ತಲೆಮಾರು ಫೇಲಾದ ಮನೆಯವಳು