ಹೆಂಗಸರ ಡಬ್ಬಿಯಲ್ಲಿ ಅತ್ತೆಯ ರೊಟ್ಟಿ

ಘಾಟ್ಕೋಪರ್, ೧೫-೨-೧೯೫೪

ಅವ್ವಾ, ನಮಸ್ಕಾರ. ಅತ್ತೆ ಮಾವ ಸುಖವಾಗಿ ಬಂದು ಮುಟ್ಟಿದರು. ಶನಿವಾರ ಶಾಲೆಗೆ ರಜೆ ಹಾಕಿ, ನಾನು ದಿನಾ ಹೋಗುವ ಲೋಕಲ್ ರೈಲಿನಲ್ಲೇ ಇಬ್ಬರನ್ನೂ ರಾಣಿಬಾಗಿನ ಮೃಗಾಲಯದ ಆನೆ ತೋರಿಸಲು ಕರೆದುಕೊಂಡು ಹೊರಟೆ. ಹೆಂಗಸರ ಡಬ್ಬಿಯಲ್ಲಿ ಕೂತದ್ದೇ ತಡ, ಅತ್ತೆ ರೊಟ್ಟಿ-ಚಟ್ನಿಯ ಗಂಟು ಬಿಚ್ಚಿ ಎಲ್ಲರಿಗೂ ಹಂಚತೊಡಗಿದರು.

"ಅತ್ತೀ, ಇಲ್ಲೆ ಯಾರೂ ಹಂಗ ಕೊಡೂದಿಲ್ರಿ" ಎಂದೆ.

"ಇಷ್ಟ ಮಂದಿ ಎದುರಿಗೆ ಕುಂತಿರಬೇಕಾದ್ರ ನಾವಷ್ಟ ಹೆಂಗ ತಿನ್ನೂದವ್ವಾ?"

ಹೆಂಗಸರು ಮೊದಲು ಅತ್ತೆಯನ್ನು ರೊಟ್ಟಿ ಮಾರುವವಳೆಂದು ತಿಳಿದು ಬೆಲೆ ಕೇಳಿದರು. ನಾನು ನಾಚಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಆಮೇಲೆ ಅವರೇ ಇನ್ನಷ್ಟು ಚಟ್ನಿ ಕೇಳಿದರು. ಹಂಚಿ ಮುಗಿಯುವಷ್ಟರಲ್ಲಿ ನಾವು ಇಳಿಯಬೇಕಾದ ಸ್ಟೇಶನ್ ದಾಟಿತ್ತು. ನಮ್ಮ ಮನೆಯವರೊಂದಿಗೆ ಗಂಡಸರ ಡಬ್ಬಿಯಲ್ಲಿದ್ದ ಮಾವ ಮಾತ್ರ ಸರಿಯಾಗಿ ಇಳಿದು ಆನೆ ನೋಡಿದರು. ನಿನ್ನೆಯಿಡೀ ಅದರ ಸೊಂಡಿಲನ್ನು ವರ್ಣಿಸಿ ಅತ್ತೆಯನ್ನು ರೇಗಿಸಿದರು.

ಇವತ್ತು ಡಬ್ಬಿ ಹತ್ತಿದರೆ, ನಾಲ್ಕು ವರ್ಷದಿಂದ ನನ್ನ ಹೆಸರನ್ನೂ ಕೇಳದ ಹೆಂಗಸರು ಸರಿದು ಜಾಗ ಕೊಟ್ಟು, "ಚಂದ್ರವ್ವ ಎಲ್ಲಿ?" ಎಂದು ನಮ್ಮ ಅತ್ತೆಯ ಬಗ್ಗೆ ವಿಚಾರಿಸಿದರು!

ಅತ್ತೆಯ ಮಂಡಿನೋವು ಕಡಿಮೆಯಾಗಿದೆ. ಶೇಂಗಾ ಚಟ್ನಿ ತೀರಿದೆ. ಬರುವವರ ಕೈಯಲ್ಲಿ ಬೇಗ ಕಳಿಸು. ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ಮಗಳು, ಇಡೀ ಡಬ್ಬಿಗೆ ಚಂದ್ರವ್ವನ ಸೊಸೆ,
ನೀಲಾ